ಕತ್ತಲಾದರೆ ತಾನೇ ಹತ್ತುವ ದೀಪ: ಎಲೆಕ್ಟ್ರಾನಿಕ್ಸ್ ಕಲಿಯಲು ಎಂಟು ಹಂತ

“ಎಲೆಕ್ಟ್ರಾನಿಕ್ಸ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?” ಇದು ವರ್ಷವಿಡೀ ಬರುವ ಪ್ರಶ್ನೆ. ಜೂನ್ ಹತ್ತಿರವಾದಂತೆ ಇದರ ಜೊತೆಗೆ ಇನ್ನೊಂದು ಬರುತ್ತದೆ: “ಜಡಿಮಳೆಯಲ್ಲಿ ಕರೆಂಟು ಹೋದಾಗ ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ತಾನಾಗಿ ಹತ್ತುವ ಸಣ್ಣ ದೀಪ ಮಾಡಿಕೊಳ್ಳಬಹುದೇ?” ಎರಡಕ್ಕೂ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ. ಕೊನೆಯಲ್ಲಿ ನಿಮ್ಮ ಕೈಲಿ ಒಂದು ದೀಪ ಇರುತ್ತದೆ. ಅದನ್ನು ಮಾಡುವ ದಾರಿಯಲ್ಲಿ ರೆಸಿಸ್ಟರ್, ಎಲ್‌ಇಡಿ, ಡಯೋಡ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಎಂಬ ಐದು ಭಾಗಗಳ ಪರಿಚಯವೂ ಆಗಿರುತ್ತದೆ.

ಒಂದು ಷರತ್ತು. ಇಲ್ಲಿರುವ ಯಾವ ಹಂತದಲ್ಲೂ ಗೋಡೆಯ ಸಾಕೆಟ್ಟಿನ 230 ವೋಲ್ಟನ್ನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದು ಎರಡನೇ ಅವಕಾಶ ಕೊಡುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡಲು ಸಿದ್ಧ ಚಾರ್ಜರ್ ಕೊಳ್ಳಿ, ಅದರ ಪೆಟ್ಟಿಗೆ ಬಿಚ್ಚಬೇಡಿ.

ಬೇಕಾಗುವ ಸಾಮಾನು

ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಿಂದ ಒಂದು ರೆಸಿಸ್ಟರಿಗಾಗಿ ಶಿವಮೊಗ್ಗಕ್ಕೆ ಬಸ್ಸು ಹತ್ತುವುದು ದಂಡ. ಆದ್ದರಿಂದ ಸಣ್ಣ ಭಾಗಗಳನ್ನು ಬೇಕಾದುದಕ್ಕಿಂತ ಎರಡು ಪಟ್ಟು ತನ್ನಿ. ಟಿವಿ, ರೇಡಿಯೋ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಹೀಗೆ ಚೀಟಿ ಕೊಡಿ:

- ಡಿಜಿಟಲ್ ಮಲ್ಟಿಮೀಟರ್ 1 (ವೋಲ್ಟ್, ಓಮ್ ಅಳೆಯುವ ಮೀಟರ್; ತಂತಿ ಕೂಡಿದೆಯೇ ನೋಡಲು ಬಜರ್ ಇರುವುದನ್ನೇ ಕೇಳಿ)
- ಬ್ರೆಡ್‌ಬೋರ್ಡ್ 1 (ಬೆಸುಗೆಯಿಲ್ಲದೆ ಭಾಗಗಳನ್ನು ತೂತಿಗೆ ಚುಚ್ಚಿ ಕೂಡಿಸುವ ಹಲಗೆ), ಅದಕ್ಕೆ ಚುಚ್ಚುವ ತಂತಿಗಳು
- ನಾಲ್ಕು ಪೆನ್‌ಸೆಲ್ ಕೂರುವ ಹೋಲ್ಡರ್ ಮತ್ತು ಸೆಲ್ಲುಗಳು
- ಕಾಲು ವ್ಯಾಟ್ ರೆಸಿಸ್ಟರ್: 150 ಓಮ್, 470 ಓಮ್, 2.2 ಕಿಲೋ ಓಮ್, 47 ಕಿಲೋ ಓಮ್, ತಲಾ 10
- 220 ಕಿಲೋ ಓಮ್ ಪ್ರಿಸೆಟ್ 2 (ಸ್ಕ್ರೂಡ್ರೈವರಿನಿಂದ ತಿರುಗಿಸಿ ರೋಧ ಬದಲಿಸುವ ರೆಸಿಸ್ಟರ್)
- 5 ಮಿಲಿಮೀಟರ್ ಎಲ್‌ಇಡಿ: ಕೆಂಪು 5, ಬಿಳಿ 20
- 5 ಮಿಲಿಮೀಟರ್ ಎಲ್‌ಡಿಆರ್ 2 (ಬೆಳಕು ಬಿದ್ದಷ್ಟೂ ರೋಧ ಇಳಿಯುವ ಭಾಗ)
- ಟ್ರಾನ್ಸಿಸ್ಟರ್: ಬಿಸಿ 547ಬಿ ಮತ್ತು ಬಿಸಿ 337, ತಲಾ 4
- ಡಯೋಡ್ 1ಎನ್ 4007, 5
- ಕೆಪಾಸಿಟರ್: 220 ಮತ್ತು 1000 ಮೈಕ್ರೋಫ್ಯಾರಡ್, ಎರಡೂ 25 ವೋಲ್ಟಿನವು, ತಲಾ 2
- 12 ವೋಲ್ಟ್ 7 ಆಂಪಿಯರ್-ಗಂಟೆಯ (ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಸೀಲ್ ಮಾಡಿದ ಸೀಸದ ಬ್ಯಾಟರಿ, ಅದಕ್ಕೆ ತಕ್ಕ ಚಾರ್ಜರ್
- 500 ಮಿಲಿಆಂಪಿಯರ್ ಗಾಜಿನ ಫ್ಯೂಸ್ 5, ಹೋಲ್ಡರ್ 1, ಸ್ವಿಚ್ 1
- 25 ವ್ಯಾಟ್ ಸೋಲ್ಡರಿಂಗ್ ಐರನ್, ಒಳಗೇ ರಾಳವಿರುವ ಸೋಲ್ಡರ್ ತಂತಿ, ತೂತಿನ ಬೋರ್ಡ್

ಯುಪಿಎಸ್‌ನಿಂದ ತೆಗೆದ ಹಳೆಯ ಬ್ಯಾಟರಿ ಸಿಕ್ಕರೆ ದುಡ್ಡು ಉಳಿಯುತ್ತದೆ. ಆದರೆ ಮೀಟರಿನಲ್ಲಿ 12.6 ತೋರಿಸಿತೆಂದು ನಂಬಬೇಡಿ, ಸತ್ತ ಬ್ಯಾಟರಿಯೂ ಏನನ್ನೂ ಉರಿಸದೆ ಸುಮ್ಮನೆ ಕೂತಾಗ ಅಷ್ಟು ತೋರಿಸಬಲ್ಲದು. ಪೂರ್ತಿ ಚಾರ್ಜ್ ಮಾಡಿ, ವಾಹನದ 12 ವೋಲ್ಟ್ 21 ವ್ಯಾಟಿನ ಬಲ್ಬ್ ಹಚ್ಚಿ ಒಂದು ನಿಮಿಷ ಬಿಡಿ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಿರಿ. 11.5ಕ್ಕಿಂತ ಕೆಳಗೆ ಜಾರಿದರೆ ಅದನ್ನು ಗುಜರಿಗೆ ಕೊಡಿ.

ಹಂತ 1: ವೋಲ್ಟೇಜು, ಕರೆಂಟು, ರೋಧ

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಮನೆಗೆ ನೀರು ತಂದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಅಬ್ಬಿ ಮನೆಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟೇಜು. ಪೈಪಿನಲ್ಲಿ ನಿಮಿಷಕ್ಕೆ ಎಷ್ಟು ಕೊಡ ನೀರು ಹರಿಯುತ್ತದೆ ಎಂಬುದು ಕರೆಂಟು, ಅದರ ಅಳತೆ ಆಂಪಿಯರ್. ಪೈಪು ಎಷ್ಟು ಸಪೂರ ಎಂಬುದು ರೋಧ, ಅದರ ಅಳತೆ ಓಮ್. ಎತ್ತರ ಹೆಚ್ಚಾದರೆ ಹರಿವು ಹೆಚ್ಚು, ಪೈಪು ಸಪೂರವಾದರೆ ಹರಿವು ಕಡಿಮೆ. ಲೆಕ್ಕದಲ್ಲಿ ಹೇಳುವುದಾದರೆ ಕರೆಂಟು ಎಂದರೆ ವೋಲ್ಟೇಜನ್ನು ರೋಧದಿಂದ ಭಾಗಿಸಿದ್ದು. ಇದೇ ಓಮ್‌ನ ನಿಯಮ. ಈ ಲೇಖನದಲ್ಲಿ ಬೇರೆ ಸೂತ್ರವೇ ಇಲ್ಲ.

ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಪೈಪು ತುಂಡಾದರೆ ನೀರು ಹೊರಗೆ ಚೆಲ್ಲುತ್ತದೆ, ತಂತಿ ತುಂಡಾದರೆ ಕರೆಂಟು ಹರಿಯುವುದೇ ನಿಲ್ಲುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಮೈನಸ್‌ಗೆ ಮರಳುವ ಪೂರ್ತಿ ಸುತ್ತು ಬೇಕು. ಆ ಸುತ್ತಿಗೇ ಸರ್ಕ್ಯೂಟ್ ಎನ್ನುವುದು. ಅಂದಹಾಗೆ, ನಾವು “ಕರೆಂಟು ಹೋಯ್ತು” ಎಂದಾಗ ಮೊದಲು ಹೋಗಿರುವುದು ವೋಲ್ಟೇಜು, ಅದಿಲ್ಲದೆ ಕರೆಂಟು ಹರಿಯುವುದಿಲ್ಲ ಅಷ್ಟೆ. ಮಾತಿನಲ್ಲಿ ಹೇಗೆ ಹೇಳಿದರೂ ನಡೆಯುತ್ತದೆ, ಮೀಟರ್ ಹಿಡಿದಾಗ ಮಾತ್ರ ಎರಡನ್ನೂ ಬೇರೆ ಇಡಿ.

ಈಗ ಮೀಟರಿನ ಕಪ್ಪು ತಂತಿಯನ್ನು ‘ಕಾಮನ್’ ತೂತಿಗೆ, ಕೆಂಪನ್ನು ವೋಲ್ಟ್-ಓಮ್ ತೂತಿಗೆ ಹಾಕಿ. ಗುಂಡಿಯನ್ನು ಡಿಸಿ (ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು) 20 ವೋಲ್ಟಿಗೆ ತಿರುಗಿಸಿ. ಹೊಸ ಸೆಲ್ ಒಂದಕ್ಕೆ 1.5 ಅಥವಾ ತುಸು ಹೆಚ್ಚು, ನಾಲ್ಕೂ ಸೇರಿ 6ರಿಂದ 6.4 ಬರಬೇಕು.

ಹೊಸಬರು ಮೀಟರ್ ಸುಡುವುದು ಒಂದೇ ರೀತಿಯಲ್ಲಿ. ಕೆಂಪು ತಂತಿಯನ್ನು 10 ಆಂಪಿಯರ್ ತೂತಿನಲ್ಲಿ ಮರೆತು ಬಿಟ್ಟು, ವೋಲ್ಟ್ ನೋಡಲೆಂದು ಬ್ಯಾಟರಿಗೆ ಹಿಡಿಯುತ್ತಾರೆ. ಆ ತೂತಿನ ಒಳಗೆ ಹೆಚ್ಚುಕಡಿಮೆ ಬರೀ ತಂತಿಯೇ ಇರುತ್ತದೆ, ಅಗ್ಗದ ಮೀಟರುಗಳಲ್ಲಿ ಅದಕ್ಕೆ ಫ್ಯೂಸೂ ಇರುವುದಿಲ್ಲ. ಪೆನ್‌ಸೆಲ್ ಆದರೆ ಬಿಸಿಯಾಗಿ ಮುಗಿಯಿತು, 12 ವೋಲ್ಟಿನ ಬ್ಯಾಟರಿಯಾದರೆ ತಂತಿ ಕರಗುತ್ತದೆ. ಇದಕ್ಕೆ ಸುಲಭ ಉಪಾಯ: ಕರೆಂಟನ್ನು ನೇರವಾಗಿ ಅಳೆಯಲೇಬೇಡಿ. ಹೇಗೆಂದು ಮುಂದಿನ ಹಂತದಲ್ಲಿದೆ.

ಹಂತ 2: ಒಂದು ಎಲ್‌ಇಡಿ, ಒಂದು ರೆಸಿಸ್ಟರ್

ಬ್ರೆಡ್‌ಬೋರ್ಡಿನ ಒಳಗೆ ಐದೈದು ತೂತುಗಳು ಅಡ್ಡಕ್ಕೆ ಒಂದಾಗಿವೆ. ಅಂಚಿನ ಉದ್ದನೆಯ ಎರಡು ಸಾಲು ಪ್ಲಸ್, ಮೈನಸ್‌ಗೆ. ಕೆಲವು ಬೋರ್ಡುಗಳಲ್ಲಿ ಈ ಉದ್ದ ಸಾಲು ನಡುವೆ ತುಂಡಾಗಿರುತ್ತದೆ. ಬಜರಿನಲ್ಲಿ ಒಮ್ಮೆ ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಬೋರ್ಡು ಯಾಕೆ ಸತ್ತಿದೆ ಎಂದು ಒಂದು ಸಂಜೆ ಹಾಳಾಗುತ್ತದೆ.

ಎಲ್‌ಇಡಿಗೆ ಎರಡು ಕಾಲು: ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಕಾಲು ಕತ್ತರಿಸಿದ್ದರೆ ಬುಡದ ಅಂಚು ಚಪ್ಪಟೆಯಾಗಿರುವ ಕಡೆ ಮೈನಸ್. ಪ್ಲಸ್ ಸಾಲಿನಿಂದ 470 ಓಮ್, ಅಲ್ಲಿಂದ ಕೆಂಪು ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಮೈನಸ್ ಸಾಲು. 6 ವೋಲ್ಟ್ ಕೊಡಿ, ಹತ್ತುತ್ತದೆ.

ರೆಸಿಸ್ಟರ್ ಯಾಕೆ? ಎಲ್‌ಇಡಿ ಬಲ್ಬಿನಂತಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿನವರೆಗೆ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ತುಸು ಏರಿಸಿದರೂ ಕಟ್ಟೆ ಒಡೆದಂತೆ ಕರೆಂಟು ಎಳೆದುಕೊಳ್ಳುತ್ತದೆ. ಅದನ್ನು ತಡೆಯುವವನು ಬೇಕು. 6ರಲ್ಲಿ 2 ವೋಲ್ಟ್ ಎಲ್‌ಇಡಿಗೆ ಹೋದರೆ ಉಳಿದ 4 ವೋಲ್ಟ್ ರೆಸಿಸ್ಟರಿನ ಮೇಲೆ. 4 ಭಾಗಿಸು 470, ಅಂದರೆ ಸುಮಾರು 8.5 ಮಿಲಿಆಂಪಿಯರ್ (ಆಂಪಿಯರಿನ ಸಾವಿರದ ಒಂದು ಪಾಲು). 5 ಮಿಲಿಮೀಟರಿನ ಎಲ್‌ಇಡಿ 20ರವರೆಗೆ ನೆಮ್ಮದಿಯಾಗಿ ತಾಳುತ್ತದೆ.

ಲೆಕ್ಕ ಸರಿಯೇ ಎಂದು ಈಗಲೇ ನೋಡಿ. ಮೀಟರನ್ನು ವೋಲ್ಟಿನಲ್ಲೇ ಇಟ್ಟು ರೆಸಿಸ್ಟರಿನ ಎರಡು ಕಾಲಿಗೆ ಹಿಡಿಯಿರಿ. ಬಂದ ಅಂಕಿಯನ್ನು 470ರಿಂದ ಭಾಗಿಸಿದರೆ ಕರೆಂಟು ಸಿಕ್ಕಿತು. ತಂತಿ ಕಳಚಬೇಕಿಲ್ಲ, ಮೀಟರಿನ ತೂತು ಬದಲಿಸಬೇಕಿಲ್ಲ. ಮುಂದೆ ಯಾವ ಸರ್ಕ್ಯೂಟಿನಲ್ಲಾದರೂ ಕರೆಂಟು ತಿಳಿಯಲು ಅಲ್ಲಿರುವ ರೆಸಿಸ್ಟರನ್ನೇ ಕೇಳಿ.

ಬಣ್ಣದ ಪಟ್ಟಿ ಓದುವುದು ಹೀಗೆ: ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೊದಲೆರಡು ಪಟ್ಟಿ ಅಂಕಿ, ಮೂರನೆಯದು ಅದರ ಮುಂದೆ ಎಷ್ಟು ಸೊನ್ನೆ ಎಂಬುದು. ಹಳದಿ-ನೇರಳೆ-ಕಂದು ಎಂದರೆ 4, 7, ಒಂದು ಸೊನ್ನೆ: 470. ಹಳದಿ-ನೇರಳೆ-ಕಿತ್ತಳೆ 47,000, ಅಂದರೆ 47 ಕಿಲೋ ಓಮ್. ಕೆಂಪು-ಕೆಂಪು-ಕೆಂಪು 2.2 ಕಿಲೋ ಓಮ್. ಕಂದು-ಹಸಿರು-ಕಂದು 150. ಕೊನೆಯ ಚಿನ್ನದ ಪಟ್ಟಿ ಶೇ 5 ಹೆಚ್ಚುಕಡಿಮೆ ಇರಬಹುದು ಎನ್ನುತ್ತದೆ. ನೀಲಿ ಮೈಯ ರೆಸಿಸ್ಟರುಗಳಲ್ಲಿ ಐದು ಪಟ್ಟಿ ಇರುತ್ತವೆ, ಅಲ್ಲಿ ಅಂಕಿ ಮೂರು, ಸೊನ್ನೆ ನಾಲ್ಕನೆಯದು. ನೀಲಿ ಮೈಯ ಮೇಲೆ ಕಂದು, ಕೆಂಪು, ಕಿತ್ತಳೆ ಬೇರೆ ಮಾಡುವುದು ಹಗಲು ಬೆಳಕಿನಲ್ಲೂ ಕಷ್ಟ. ಅನುಮಾನ ಬಂದರೆ ಮೀಟರನ್ನು ಓಮ್‌ಗೆ ತಿರುಗಿಸಿ ಅಳೆಯಿರಿ. ಅಳೆಯುವಾಗ ರೆಸಿಸ್ಟರ್ ಸರ್ಕ್ಯೂಟಿನ ಹೊರಗಿರಲಿ, ಎರಡೂ ಕಾಲನ್ನು ಬೆರಳಲ್ಲಿ ಹಿಡಿಯಬೇಡಿ. ಮಳೆಗಾಲದ ಒದ್ದೆ ಬೆರಳೂ ಒಂದು ರೆಸಿಸ್ಟರೇ, 220 ಕಿಲೋ ಓಮನ್ನು ಕಡಿಮೆ ಮಾಡಿ ತೋರಿಸುತ್ತದೆ.

ಹಂತ 3: ಸಾಲು ಮತ್ತು ಕವಲು

ಭಾಗಗಳನ್ನು ಒಂದರ ಹಿಂದೆ ಒಂದು ಕೂರಿಸಿದರೆ ಸಾಲು ಜೋಡಣೆ: ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ, ವೋಲ್ಟೇಜು ಹಂಚಿಹೋಗುತ್ತದೆ. ಅಕ್ಕಪಕ್ಕ ಕೂರಿಸಿದರೆ ಕವಲು ಜೋಡಣೆ: ವೋಲ್ಟೇಜು ಎಲ್ಲಕ್ಕೂ ಒಂದೇ, ಕರೆಂಟು ಹಂಚಿಹೋಗುತ್ತದೆ.

ಇಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ನಾಲ್ಕು ಎಲ್‌ಇಡಿಗಳನ್ನು ಅಕ್ಕಪಕ್ಕ ಕೂಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕುತ್ತಾರೆ. ನಾಲ್ಕೂ ಒಂದೇ ಪೊಟ್ಟಣದಿಂದ ಬಂದರೂ ಗುಣ ಒಂದೇ ಇರುವುದಿಲ್ಲ. ಯಾವುದು ತುಸು ಕಡಿಮೆ ವೋಲ್ಟಿನಲ್ಲಿ ಬಾಯಿ ತೆರೆಯುತ್ತದೋ ಅದು ಹೆಚ್ಚಿನ ಕರೆಂಟನ್ನು ತಾನೇ ನುಂಗಿ ಬಿಸಿಯಾಗಿ ಮೊದಲು ಸಾಯುತ್ತದೆ. ಅದರ ಪಾಲು ಉಳಿದವಕ್ಕೆ ಬಂದು ಅವೂ ಒಂದೊಂದಾಗಿ ಹಿಂಬಾಲಿಸುತ್ತವೆ. ಪ್ರತಿ ಕವಲಿಗೂ ಅದರದೇ ರೆಸಿಸ್ಟರ್ ಇರಬೇಕು. ಇದರಲ್ಲಿ ರಾಜಿ ಬೇಡ.

ಹಂತ 4: ಡಯೋಡ್, ಕೆಪಾಸಿಟರ್

ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೆನಪಿಸಿಕೊಳ್ಳಿ. ನೀರು ಮೇಲೆ ಹೋಗಬಹುದು, ವಾಪಸು ಬರಕೂಡದು. ಡಯೋಡ್ ಅದೇ ಕೆಲಸ ಮಾಡುತ್ತದೆ. 1ಎನ್ 4007ರ ಮೈಮೇಲಿನ ಬೆಳ್ಳಿ ಪಟ್ಟಿ ಕರೆಂಟು ಹೊರಬರುವ ಕಡೆ. ದಾರಿ ಬಿಡುವ ಬಾಡಿಗೆಯಾಗಿ ಸುಮಾರು 0.7 ವೋಲ್ಟ್ ಇಟ್ಟುಕೊಳ್ಳುತ್ತದೆ. ನಮ್ಮ ದೀಪದಲ್ಲಿ ಅದರ ಕೆಲಸ ಒಂದೇ: ಕತ್ತಲಲ್ಲಿ ಯಾರಾದರೂ ಬ್ಯಾಟರಿ ತಂತಿ ಉಲ್ಟಾ ಹಾಕಿದರೆ ಏನೂ ಆಗದಂತೆ ನೋಡಿಕೊಳ್ಳುವುದು.

ಕೆಪಾಸಿಟರ್ ಒಂದು ಹಂಡೆ, ತುಂಬಲು ಹೊತ್ತು ಬೇಕು, ಖಾಲಿಯಾಗಲೂ ಹೊತ್ತು ಬೇಕು. ಹಂಡೆ ಎಷ್ಟು ದೊಡ್ಡದು ಎಂಬುದರ ಅಳತೆ ಮೈಕ್ರೋಫ್ಯಾರಡ್. ಹಂತ 2ರ ಸರ್ಕ್ಯೂಟಿನ ಪ್ಲಸ್, ಮೈನಸ್ ಸಾಲುಗಳ ನಡುವೆ 1000 ಮೈಕ್ರೋಫ್ಯಾರಡ್ ಕೂರಿಸಿ, ಬ್ಯಾಟರಿಯ ತಂತಿ ಕಿತ್ತುನೋಡಿ. ಎಲ್‌ಇಡಿ ಥಟ್ಟನೆ ಆರದೆ ಮೆಲ್ಲಗೆ ಮಂಕಾಗುತ್ತದೆ. ಮೈಮೇಲಿನ ಪಟ್ಟಿ ಇರುವ ಕಡೆಯ ಕಾಲು ಮೈನಸ್. ಉಲ್ಟಾ ಹಾಕಿದರೆ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಮೊದಲ ಸಲ ಸ್ವಿಚ್ ಹಾಕುವಾಗ ಮುಖ ಅದರ ಮೇಲೆ ಬಾಗಿರಬಾರದು. ಮೈಮೇಲೆ ಬರೆದ ವೋಲ್ಟ್ ಅದು ತಾಳುವ ಮಿತಿ. 12 ವೋಲ್ಟಿನ ಕೆಲಸಕ್ಕೆ 25 ವೋಲ್ಟಿನದು ಸರಿ, 10 ವೋಲ್ಟಿನದು ಬೇಡ.

ಹಂತ 5: ಟ್ರಾನ್ಸಿಸ್ಟರ್ ಮತ್ತು ಎಲ್‌ಡಿಆರ್

ಇಡೀ ದೀಪದ ಬುದ್ಧಿ ಇರುವುದು ಇಲ್ಲಿ. ಅವಸರ ಮಾಡಬೇಡಿ.

ಟ್ರಾನ್ಸಿಸ್ಟರ್ ಒಂದು ಗೇಟ್‌ವಾಲ್ವ್. ವ್ಯತ್ಯಾಸವೆಂದರೆ ಅದರ ಚಕ್ರವನ್ನು ತಿರುಗಿಸುವುದು ಕೈಯಲ್ಲ, ಇನ್ನೊಂದು ಸಣ್ಣ ಹರಿವು. ಮೂರು ಕಾಲು: ದೊಡ್ಡ ಕರೆಂಟು ಒಳಬರುವ ಕಲೆಕ್ಟರ್, ಹೊರಹೋಗುವ ಎಮಿಟರ್, ಚಕ್ರ ತಿರುಗಿಸುವ ಬೇಸ್. ಬಿಸಿ 547ಬಿಯಲ್ಲಿ ಬೇಸಿಗೆ ಹೋದ ಕರೆಂಟಿನ ಕನಿಷ್ಠ 200 ಪಟ್ಟು ಕಲೆಕ್ಟರಿನಲ್ಲಿ ಹರಿಯಬಲ್ಲದು. ಆದರೆ ಬೇಸಿನ ವೋಲ್ಟೇಜು ಎಮಿಟರಿಗಿಂತ ಸುಮಾರು 0.65 ಮೇಲೇರುವವರೆಗೆ ಅದು ಅಲುಗಾಡುವುದಿಲ್ಲ.

ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿಯಿರಿ. ಬಿಸಿ 547, ಬಿಸಿ 337 ಎರಡರಲ್ಲೂ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು “ಇದೂ ಅದೇ ಕೆಲಸ ಮಾಡುತ್ತೆ” ಎಂದು ಬೇರೆ ನಂಬರ್ ಕೊಟ್ಟರೆ ಕಾಲಿನ ಕ್ರಮ ಕೇಳದೆ ತರಬೇಡಿ. ಪ್ಲಾಸ್ಟಿಕ್ ಮೈಯ ಪಿಎನ್ 2222ರಲ್ಲಿ ಇದು ತಿರುಗಾಮುರುಗ: ಎಮಿಟರ್, ಬೇಸ್, ಕಲೆಕ್ಟರ್.

6 ವೋಲ್ಟಿನಲ್ಲೇ ಕಟ್ಟಿ:

1. ಪ್ಲಸ್ ಸಾಲಿನಿಂದ 470 ಓಮ್, ಎಲ್‌ಇಡಿ, ಅದರ ಗಿಡ್ಡ ಕಾಲು ಬಿಸಿ 547ರ ಕಲೆಕ್ಟರಿಗೆ. ಎಮಿಟರ್ ಮೈನಸ್‌ಗೆ.
2. ಪ್ಲಸ್ ಸಾಲಿನಿಂದ 47 ಕಿಲೋ ಓಮ್, ಅಲ್ಲಿಂದ ಪ್ರಿಸೆಟ್ಟಿನ ಒಂದು ತುದಿ, ಪ್ರಿಸೆಟ್ಟಿನ ನಡುಗಾಲು ಬೇಸಿಗೆ. ಪ್ರಿಸೆಟ್ಟನ್ನು ನಡುವಿಗೆ ತಿರುಗಿಸಿಡಿ.
3. ಬೇಸಿನಿಂದ ಮೈನಸ್‌ಗೆ ಎಲ್‌ಡಿಆರ್. ಇದಕ್ಕೆ ಪ್ಲಸ್-ಮೈನಸ್ ಭೇದವಿಲ್ಲ.

ಬೆಳಕಿದ್ದಾಗ ಎಲ್‌ಡಿಆರ್‌ನ ರೋಧ ಕೆಲವೇ ಕಿಲೋ ಓಮ್. ಮೇಲಿನಿಂದ ಬಂದ ಹರಿವೆಲ್ಲ ಅದರ ಮೂಲಕವೇ ಇಳಿದುಹೋಗುತ್ತದೆ, ಬೇಸಿನ ಮಟ್ಟ 0.65 ಮುಟ್ಟುವುದಿಲ್ಲ. ಕತ್ತಲಾದಂತೆ ಎಲ್‌ಡಿಆರ್ ರೋಧ ನೂರಾರು ಕಿಲೋ ಓಮ್‌ಗೆ ಏರುತ್ತದೆ. ಇಳಿಯುವ ದಾರಿ ಕಟ್ಟಿಕೊಂಡಾಗ ಹರಿವು ಬೇಸಿಗೆ ತಿರುಗುತ್ತದೆ, ಎಲ್‌ಇಡಿ ಹತ್ತುತ್ತದೆ. ಎಲ್‌ಡಿಆರ್ ಮೇಲೆ ಬೆರಳಿಟ್ಟು ನೋಡಿ. ಬೆರಳ ಸಂದಿನಿಂದಲೂ ಬೆಳಕು ನುಸುಳುತ್ತದೆ, ಕಪ್ಪು ಪೆನ್ ಕ್ಯಾಪ್ ಮುಚ್ಚಿದರೆ ಪೂರ್ತಿ ಕತ್ತಲು.

ಹತ್ತದಿದ್ದರೆ ಭಾಗ ಬದಲಿಸಲು ಹೋಗಬೇಡಿ. ಮೀಟರಿನ ಕಪ್ಪು ತಂತಿಯನ್ನು ಎಮಿಟರಿಗೆ ಹಿಡಿದು, ಎಲ್‌ಡಿಆರ್ ಮುಚ್ಚಿದ ಸ್ಥಿತಿಯಲ್ಲಿ ಎರಡು ಕಡೆ ಅಳೆಯಿರಿ. ಬೇಸಿನಲ್ಲಿ 0.65ರ ಆಸುಪಾಸು, ಕಲೆಕ್ಟರಿನಲ್ಲಿ 0.2ಕ್ಕಿಂತ ಕಡಿಮೆ ಬಂದರೆ ಟ್ರಾನ್ಸಿಸ್ಟರ್ ತನ್ನ ಕೆಲಸ ಮಾಡುತ್ತಿದೆ, ದೋಷ ಎಲ್‌ಇಡಿಯಲ್ಲಿ: ಬಹುತೇಕ ಉಲ್ಟಾ. ಬೇಸಿನಲ್ಲಿ ಸೊನ್ನೆ ಇದ್ದರೆ 47 ಕಿಲೋ ಓಮ್ ಅಥವಾ ಪ್ರಿಸೆಟ್ಟಿನ ಕಾಲು ಬೋರ್ಡಿನಲ್ಲಿ ಸರಿಯಾಗಿ ಕೂತಿಲ್ಲ. ಬೇಸಿನಲ್ಲಿ 1 ವೋಲ್ಟಿಗಿಂತ ಹೆಚ್ಚು ಬಂದರೆ ಬೇಸ್-ಎಮಿಟರ್ ನಡುವೆ ಒಳಗೇ ತುಂಡಾಗಿದೆ, ಇಲ್ಲವೇ ಕಾಲುಗಳು ಅದಲುಬದಲಾಗಿವೆ. ಟ್ರಾನ್ಸಿಸ್ಟರ್ ಸುಟ್ಟಿದೆ ಎಂದು ಬಿಸಾಡುವವುಗಳಲ್ಲಿ ಹೆಚ್ಚಿನವು ಕಾಲು ತಪ್ಪಿ ಕೂತವು.

ಹಂತ 6: 12 ವೋಲ್ಟಿಗೆ ದಾಟುವುದು

ಒಂದು ಎಲ್‌ಇಡಿ ಬಚ್ಚಲ ದಾರಿಗೆ ಸಾಲದು. ಹನ್ನೆರಡು ಬಿಳಿ ಎಲ್‌ಇಡಿ ಹಾಕೋಣ, ಮೂರರಂತೆ ನಾಲ್ಕು ಸಾಲು. ಬಿಳಿಯದು ಒಂದಕ್ಕೆ ಸುಮಾರು 3.1 ವೋಲ್ಟ್, ಮೂರಕ್ಕೆ 9.3. ಬ್ಯಾಟರಿಯ 12.7ರಲ್ಲಿ ಡಯೋಡಿಗೆ 0.7, ಟ್ರಾನ್ಸಿಸ್ಟರಿಗೆ 0.1 ಹೋಗಿ ಉಳಿಯುವುದು 2.6. ಅದನ್ನು 150 ಓಮ್‌ನಿಂದ ಭಾಗಿಸಿದರೆ ಸಾಲಿಗೆ 17 ಮಿಲಿಆಂಪಿಯರ್, ನಾಲ್ಕು ಸಾಲಿಗೆ ಹತ್ತಿರ ಹತ್ತಿರ 70. ಬಿಸಿ 547ರ ಮಿತಿ 100. ಕಾಗದದ ಮೇಲೆ ನಡೆಯುತ್ತದೆ, ಆದರೆ ಮಿತಿಯ ಪಕ್ಕದಲ್ಲೇ ರಾತ್ರಿಯಿಡೀ ದುಡಿಸುವುದು ಸರಿಯಲ್ಲ. ಅದಕ್ಕೇ 800 ಮಿಲಿಆಂಪಿಯರ್ ತಾಳುವ ಬಿಸಿ 337ಕ್ಕೆ ದೊಡ್ಡ ಕೆಲಸ ಕೊಟ್ಟು, ಬಿಸಿ 547 ಅದರ ಬೇಸನ್ನು ತಿರುಗಿಸುವಂತೆ ಮಾಡುತ್ತೇವೆ.

ಮೊದಲು ಫ್ಯೂಸ್. ಪೆನ್‌ಸೆಲ್ಲಿನ ಪ್ಲಸ್-ಮೈನಸ್ ತಾಗಿದರೆ ಬಿಸಿಯಾಗುತ್ತದೆ ಅಷ್ಟೆ. 7 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತಾರು ಆಂಪಿಯರ್ ಒಮ್ಮೆಲೇ ಕಕ್ಕುತ್ತದೆ, ತಂತಿಯ ಹೊದಿಕೆಗೆ ಬೆಂಕಿ ಹತ್ತಬಹುದು. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಗೇಣುದ್ದದೊಳಗೆ ಇರಲಿ. ದೀಪದ ಪೆಟ್ಟಿಗೆಯೊಳಗೆ ಇಟ್ಟರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ.

ಬ್ರೆಡ್‌ಬೋರ್ಡಿನಲ್ಲಿ ಈ ಕ್ರಮದಲ್ಲಿ ಕಟ್ಟಿ, ಬ್ಯಾಟರಿಯನ್ನು ಕೊನೆಗೆ ಕೂಡಿಸಿ:

1. ಬ್ಯಾಟರಿ ಪ್ಲಸ್, ಫ್ಯೂಸ್, ಸ್ವಿಚ್, ಡಯೋಡ್. ಡಯೋಡಿನ ಪಟ್ಟಿಯಿರುವ ತುದಿ ಪ್ಲಸ್ ಸಾಲಿಗೆ. ಬ್ಯಾಟರಿ ಮೈನಸ್ ನೇರವಾಗಿ ಮೈನಸ್ ಸಾಲಿಗೆ.
2. ಪ್ಲಸ್‌ನಿಂದ 47 ಕಿಲೋ ಓಮ್, ಪ್ರಿಸೆಟ್, ಬಿಸಿ 547ರ ಬೇಸ್. ಹಿಂದಿನಂತೆಯೇ.
3. ಆ ಬೇಸಿನಿಂದ ಮೈನಸ್‌ಗೆ ಎಲ್‌ಡಿಆರ್. ಅದರ ಪಕ್ಕದಲ್ಲೇ 220 ಮೈಕ್ರೋಫ್ಯಾರಡ್, ಪ್ಲಸ್ ಕಾಲು ಬೇಸಿನ ಕಡೆ.
4. ಪ್ಲಸ್‌ನಿಂದ 2.2 ಕಿಲೋ ಓಮ್, ಬಿಸಿ 547ರ ಕಲೆಕ್ಟರ್. ಅದರ ಎಮಿಟರ್ ಬಿಸಿ 337ರ ಬೇಸಿಗೆ. ಬಿಸಿ 337ರ ಎಮಿಟರ್ ಮೈನಸ್‌ಗೆ.
5. ನಾಲ್ಕೂ ಸಾಲು: ಪ್ಲಸ್‌ನಿಂದ 150 ಓಮ್, ಮೂರು ಎಲ್‌ಇಡಿ, ಬಿಸಿ 337ರ ಕಲೆಕ್ಟರ್.

ಈಗ ಎರಡು ಬೇಸ್ ದಾಟಬೇಕಾದ್ದರಿಂದ ದೀಪ ಹತ್ತುವ ಮಟ್ಟ 0.65 ಅಲ್ಲ, 1.4 ವೋಲ್ಟಿನ ಸುತ್ತಮುತ್ತ. ಕೆಪಾಸಿಟರ್ ತುಂಬಲು ಹೊತ್ತು ತೆಗೆದುಕೊಳ್ಳುವುದರಿಂದ ಎಲ್‌ಡಿಆರ್ ಮುಚ್ಚಿ ಮೂರ್ನಾಲ್ಕು ಸೆಕೆಂಡು ಕಾಯಿರಿ. ಈ ತಡ ಬೇಕೆಂದೇ ಇಟ್ಟದ್ದು. ಹಗಲಲ್ಲಿ ಎದುರು ಹಾದವರ ನೆರಳಿಗೆ ದೀಪ ಹತ್ತಬಾರದು, ರಾತ್ರಿ ಮಿಂಚು ಹೊಡೆದರೆ ಕಣ್ಣು ಪಿಳುಕಿಸಬಾರದು.

ಪ್ರಿಸೆಟ್ಟಿನ ರೋಧ ಹೆಚ್ಚಿಸಿದರೆ ಇನ್ನೂ ಗಾಢ ಕತ್ತಲಿಗೆ ಕಾಯುತ್ತದೆ, ಇಳಿಸಿದರೆ ಬೇಗ ಹತ್ತುತ್ತದೆ. ಮಲೆನಾಡಿನ ಜಗಲಿಯೊಳಗೆ ಆರ್ದ್ರೆ ಮಳೆಯ ಮಧ್ಯಾಹ್ನವೂ ಸಂಜೆಯಂತೆ ಇರುತ್ತದೆ. ಆದ್ದರಿಂದ ಮೇ ತಿಂಗಳ ಬಿಸಿಲಿನಲ್ಲಿ ಹೊಂದಿಸಿ ಮುಗಿಯಿತು ಎನ್ನಬೇಡಿ, ದೀಪ ಕೂರುವ ಜಾಗದಲ್ಲೇ ಮೋಡ ಕವಿದ ದಿನ ಹೊಂದಿಸಿ.

47 ಕಿಲೋ ಓಮ್ ಯಾಕೆ ಬೇಕು, ಪ್ರಿಸೆಟ್ ಒಂದೇ ಸಾಲದೇ? ಪ್ರಿಸೆಟ್ಟನ್ನು ಸೊನ್ನೆಗೆ ತಿರುಗಿಸಿದರೆ ಬ್ಯಾಟರಿಯೇ ನೇರ ಬೇಸಿಗೆ ಬಂದು ಟ್ರಾನ್ಸಿಸ್ಟರ್ ಹೋಗುತ್ತದೆ, ಅದಕ್ಕೆ ಬೇಕು. ಇನ್ನು ಕೆಲವು ಸರ್ಕ್ಯೂಟ್ ಚಿತ್ರಗಳಲ್ಲಿ ಈ ಜಾಗಕ್ಕೆ 1 ಮೆಗಾ ಓಮ್ (ಹತ್ತು ಲಕ್ಷ ಓಮ್) ಬರೆದಿರುತ್ತಾರೆ, ಹಗಲಲ್ಲಿ ಬ್ಯಾಟರಿ ಉಳಿಯಲಿ ಎಂದು. ಒಣ ಊರಿಗೆ ಅದು ಸರಿ. ಆಗುಂಬೆ, ಹುಲಿಕಲ್ ಕಡೆಯ ತೇವದಲ್ಲಿ ಬೋರ್ಡಿನ ಮೇಲೆ ಕೂತ ನೀರಿನ ಪೊರೆ, ರಾಳದ ಕೊಳೆ, ಇರುವೆಯ ಹಿಕ್ಕೆ ಎಲ್ಲ ಸೇರಿ ಎಲ್‌ಡಿಆರ್ ಪಕ್ಕದಲ್ಲಿ ಇನ್ನೊಂದು ಕಾಣದ ರೆಸಿಸ್ಟರ್ ಆಗುತ್ತವೆ. ಮೇಲಿನದು 1 ಮೆಗಾ ಓಮ್ ಆದರೆ, ಆ ಸೋರಿಕೆ 130 ಕಿಲೋ ಓಮಿನಷ್ಟಿದ್ದರೂ ಬೇಸಿನ ಮಟ್ಟ 1.4 ಮುಟ್ಟುವುದಿಲ್ಲ, ದೀಪ ಎಂದಿಗೂ ಹತ್ತುವುದಿಲ್ಲ. ನಮ್ಮ ಜೋಡಣೆಯಲ್ಲಿ ಪ್ರಿಸೆಟ್ ನಡುವಿನಲ್ಲಿದ್ದರೆ ಸೋರಿಕೆ 21 ಕಿಲೋ ಓಮಿಗೆ ಇಳಿಯುವವರೆಗೆ ತೊಂದರೆಯಿಲ್ಲ. ಹಗಲಿನ ಖರ್ಚು 0.1 ಮಿಲಿಆಂಪಿಯರಿಗೂ ಕಡಿಮೆ. ಆ ಉಳಿತಾಯಕ್ಕೆ ಆಸೆಪಡುವುದರಲ್ಲಿ ಅರ್ಥವಿಲ್ಲ.

ಹಂತ 7: ಬೆಸುಗೆ

ಬ್ರೆಡ್‌ಬೋರ್ಡಿನಲ್ಲೇ ಬಿಟ್ಟರೆ ಎರಡು ಮಳೆ ದಾಟುವುದರೊಳಗೆ ಅದರ ಸ್ಪ್ರಿಂಗುಗಳು ಕಿಲುಬು ಹಿಡಿಯುತ್ತವೆ. ತೂತಿನ ಬೋರ್ಡಿಗೆ ದಾಟಿಸಿ. ಭಾಗಗಳ ಕಾಲು ಮಂಕಾಗಿದ್ದರೆ ನಯವಾದ ಉಜ್ಜುಕಾಗದದಿಂದ ಹೊಳಪು ಬರಿಸಿ, ಮಂಕು ಕಾಲಿಗೆ ಸೋಲ್ಡರ್ ಅಂಟುವುದಿಲ್ಲ.

ಐರನ್ನಿನ ಮೂತಿಯನ್ನು ಕಾಲು ಮತ್ತು ತಾಮ್ರದ ಬಳೆ ಎರಡಕ್ಕೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡು ಬಿಟ್ಟು ಸೋಲ್ಡರ್ ತಂತಿಯನ್ನು ಕಾಲಿಗೆ ಮುಟ್ಟಿಸಿ. ಮೂತಿಗೆ ಮುಟ್ಟಿಸಬೇಡಿ. ಸೋಲ್ಡರ್ ತಾನೇ ಹರಿದು ಕಾಲನ್ನು ತಬ್ಬಿದರೆ ಸರಿ. ಮೂತಿಯಲ್ಲಿ ಕರಗಿಸಿ ಮೇಲಿಂದ ಸುರಿದದ್ದು ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗೆ ಕೂರುತ್ತದೆ, ಅದು ಬರೀ ಅಂಟು. ಇಂದು ನಡೆದು ನಾಳೆ ಕೈಕೊಡುವ ದೀಪಗಳ ಕಾರಣ ಸಾಮಾನ್ಯವಾಗಿ ಇದೇ. ಎಲ್‌ಇಡಿ, ಟ್ರಾನ್ಸಿಸ್ಟರಿನ ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಡಬೇಡಿ. ಕಿಟಕಿ ತೆರೆದಿಡಿ. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆಯಿರಿ.

ತಗಡು ಕೆಲಸದವರು ಬೆಸುಗೆ ಅಂಟಲೆಂದು ಹಚ್ಚುವ ಆಸಿಡ್ ಫ್ಲಕ್ಸ್ ಇಲ್ಲಿ ಮುಟ್ಟಲೇಬೇಡಿ. ಬೆಸುಗೆ ಸೊಗಸಾಗಿ ಕೂರುತ್ತದೆ, ಆಮೇಲೆ ತೇವ ಎಳೆದುಕೊಂಡು ತಾಮ್ರವನ್ನು ತಿನ್ನುತ್ತದೆ. ಎಲ್ಲ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಾಳ ತೊಳೆದು, ಒಣಗಿಸಿ, ಬೆಸುಗೆಯ ಬದಿಗೆ ತೆಳುವಾಗಿ ಪಾರದರ್ಶಕ ವಾರ್ನಿಷ್ ಬಳಿಯಿರಿ. ಎಲ್‌ಡಿಆರ್ ಮುಖಕ್ಕೆ, ಪ್ರಿಸೆಟ್ಟಿನೊಳಗೆ ಅದು ಹೋಗಬಾರದು.

ಹಂತ 8: ಪೆಟ್ಟಿಗೆ, ಜಾಗ, ಬ್ಯಾಟರಿ

ಪ್ಲಾಸ್ಟಿಕ್ ಪೆಟ್ಟಿಗೆಯ ತಂತಿ ತೂತು ಕೆಳಮುಖವಾಗಿರಲಿ. ಒಳಹೋಗುವ ಮುನ್ನ ತಂತಿ ಒಮ್ಮೆ ಜೋತುಬಿದ್ದು ಮೇಲೇರಲಿ, ಹನಿ ಆ ಬಳುಕಿನ ತುದಿಯಲ್ಲೇ ಉದುರುತ್ತದೆ. ಸಂದು ಮುಚ್ಚಲು ಸಿಲಿಕೋನ್ ಬಳಸುವಿರಾದರೆ ವಿನೆಗರ್ ವಾಸನೆಯದ್ದು ಬೇಡ, ಅದರ ಆಸಿಡ್ ಹಬೆ ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರಕ್ಕೆ ಕಿಲುಬು ಬರಿಸುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನು ಕೇಳಿ.

ಎಲ್‌ಡಿಆರ್‌ಗೆ ಸುಮಾರು ಎರಡು ಸೆಂಟಿಮೀಟರ್ ಕಪ್ಪು ಕೊಳವೆ ತೊಡಿಸಿ, ಆಕಾಶದ ಕಡೆ ಮುಖ ಮಾಡಿಸಿ. ದೀಪದ ಬೆಳಕೇ ಅದರ ಮೇಲೆ ಬಿದ್ದರೆ ಹತ್ತಿದ ಕೂಡಲೇ “ಬೆಳಗಾಯಿತು” ಎಂದು ತಿಳಿದು ಆರಿಸಲು ಹೊರಡುತ್ತದೆ. ಕೊನೆಗೆ ಪೂರ್ತಿ ಉರಿಯದೆ, ಪೂರ್ತಿ ಆರದೆ ಮಂಕಾಗಿ ತೂಗುತ್ತಿರುತ್ತದೆ. “ಎಲ್‌ಇಡಿ ಡಲ್ ಆಗಿದೆ” ಎಂಬ ದೂರು ಬಂದರೆ ಮೊದಲು ಕೊಳವೆ ನೋಡಿ. ಒಂದೇ ಸಾಲಿನ ಮೂರು ಎಲ್‌ಇಡಿ ಮಾತ್ರ ಆರಿದ್ದರೆ ಆ ಸಾಲಿನಲ್ಲಿ ಒಂದು ಸತ್ತಿದೆ, ಉಳಿದೆರಡು ಚೆನ್ನಾಗಿಯೇ ಇರುತ್ತವೆ.

ಹತ್ತಿರುವಾಗ ಒಟ್ಟು ಖರ್ಚು ಸುಮಾರು 75 ಮಿಲಿಆಂಪಿಯರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಹಿಂಡದಿದ್ದರೆ ಬಾಳಿಕೆ ಬರುತ್ತದೆ. ಅರ್ಧವೆಂದರೆ 3.5 ಆಂಪಿಯರ್-ಗಂಟೆ, 75ಕ್ಕೆ 46 ಗಂಟೆ, ರಾತ್ರಿಗೆ 12 ಗಂಟೆಯಂತೆ ನಾಲ್ಕು ರಾತ್ರಿ. ಕರೆಂಟು ಇದ್ದ ದಿನ ಸ್ವಿಚ್ ಆರಿಸಿಟ್ಟರೆ ಇನ್ನೂ ಹೆಚ್ಚು. ದೀಪವನ್ನು ಬ್ಯಾಟರಿಯಿಂದ ಕಳಚಿ ಒಂದು ಗಂಟೆ ಬಿಟ್ಟು ಅಳೆದಾಗ 12.2 ವೋಲ್ಟ್ ಬಂದರೆ ಅರ್ಧ ಮುಗಿದಿದೆ, ಚಾರ್ಜಿಗೆ ಹಾಕಿ. 11.8ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಅದು ಮತ್ತೆ ಪೂರ್ತಿ ಎಚ್ಚರವಾಗುವುದಿಲ್ಲ. ಚಾರ್ಜ್ ಮಾಡುವಾಗ ವೋಲ್ಟೇಜು 13.8 ದಾಟಬಹುದು, ಆಗ ಎಲ್‌ಇಡಿಗೆ ಲೆಕ್ಕಕ್ಕಿಂತ ಹೆಚ್ಚು ಕರೆಂಟು ಹೋಗುತ್ತದೆ, ಆದ್ದರಿಂದ ದೀಪದ ಸ್ವಿಚ್ ಆರಿಸಿರಲಿ.

ಭರಣಿ, ಕೃತ್ತಿಕೆ ಮಳೆಯ ಗುಡುಗು ಕೇಳಿದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಮನೆಯಿಂದ ಕೊಟ್ಟಿಗೆಗೆ ಉದ್ದ ತಂತಿ ಎಳೆದು ಒಂದೇ ಬ್ಯಾಟರಿಯಿಂದ ಎರಡು ದೀಪ ಉರಿಸುವ ಯೋಚನೆ ಇದ್ದರೆ ಕೈಬಿಡಿ. ಹೊರಗಿನ ಉದ್ದ ತಂತಿ ಹತ್ತಿರದ ಸಿಡಿಲಿನಿಂದ ವೋಲ್ಟೇಜು ಹಿಡಿದು ತರುತ್ತದೆ, ಈ ಟ್ರಾನ್ಸಿಸ್ಟರುಗಳು ತಾಳುವುದು 45 ವೋಲ್ಟ್ ಮಾತ್ರ. ಕೊಟ್ಟಿಗೆಗೆ ಬೇರೆಯದೇ ಬ್ಯಾಟರಿ, ಬೇರೆಯದೇ ದೀಪ ಕಟ್ಟಿ. ಎರಡನೆಯದನ್ನು ಕಟ್ಟಲು ಮೊದಲನೆಯದರ ಅರ್ಧ ಹೊತ್ತೂ ಹಿಡಿಯುವುದಿಲ್ಲ.